ಹರಿದ ಸರ

ಕಳೆದ ದಸರೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಅವ್ವನ ಟ್ರಂಕಿನ ತಳದಲ್ಲಿ ಖಣದ ಚೂರಿನಲ್ಲಿ ಕಟ್ಟಿಟ್ಟ ಪುಟ್ಟ ಗಂಟೊಂದು ನನ್ನ ಕೈಗೆ ಸಿಕ್ಕಿತು. ಬಿಚ್ಚಿದೆ. ಬಿಡಿ ಹವಳಗಳು ಅಂಗೈಯಲ್ಲಿ ಉರುಳಿದವು. ಬಾಲ್ಯದಲ್ಲಿ ಅವಳ ಕೊರಳಲ್ಲಿ ಕಂಡಿದ್ದ ಸರವದು. ಎರಡೆರಡು ಹವಳಗಳ ನಡುವೆ ಒಂದೊಂದು ಚಿನ್ನದ ಗುಂಡು ಇದ್ದುದು ನನಗೆ ಚೆನ್ನಾಗಿ ನೆನಪಿತ್ತು. ನಾನು ಹವಳಗಳನ್ನು ಎಣಿಸತೊಡಗಿದೆ.

"ಎಣಿಸಬ್ಯಾಡೋ ತಮ್ಮಾ, ಐವತ್ತನಾಕು ಅದಾವು" ಎಂದಳು ಅವ್ವ, ಒಳಗಿನಿಂದಲೇ.

"ಗುಂಡು ಎಲ್ಲಿ ಅವ್ವಾ?"

ಉತ್ತರ ತಡವಾಗಿ ಬಂದಿತು. ನಾನು ಎಂ.ಎ. ಓದಿದ ಎರಡು ವರ್ಷಗಳ ಖರ್ಚನ್ನು ಸೋದರಮಾವ ಕೊಟ್ಟನೆಂದೇ ಇಷ್ಟು ಕಾಲ ನಂಬಿದ್ದೆ. "ನಿಮ್ಮ ಮಾವನ ಹಂತ್ಯಾಕ ಎಲ್ಲಿದ್ದುವು ಅಷ್ಟು ರೊಕ್ಕ?" ಎಂದು ಅವಳು ನಕ್ಕಳು. ಸರ ಹರಿದದ್ದಲ್ಲ, ಹರಿಸಿದ್ದು. ಅದರ 26 ಗುಂಡುಗಳು ನನ್ನ ಪುಸ್ತಕಗಳಾಗಿ, ಊಟದ ಚೀಟಿಗಳಾಗಿ, ಪರೀಕ್ಷೆಯ ಶುಲ್ಕವಾಗಿ ಕರಗಿಹೋಗಿದ್ದವು.

ಆ ಹವಳಗಳನ್ನು ಮತ್ತೆ ಅವಳ ಕೊರಳಿಗೇರಿಸಬೇಕೆಂದು ಮನಸ್ಸು ಹಟ ಹಿಡಿಯಿತು. ನಮ್ಮ ಪೇಟೆಯಲ್ಲಿ ಹಿಂದೆ ಪಟವೇಗಾರರೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕಾಲ್ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಸಿಕೊಂಡು, ಮಾತನಾಡುತ್ತಲೇ ಸರಗಳನ್ನು ಪೋಣಿಸಿಕೊಡುತ್ತಿದ್ದರು. ಈಗ ಆ ಕಟ್ಟೆಯ ಮೇಲೆ ಮೊಬೈಲ್ ಫೋನಿನ ಅಂಗಡಿಯಿದೆ. ಹೀಗಾಗಿ ಕನ್ನಡ ಅಧ್ಯಾಪಕನಾದ ನಾನು, ಸೂಜಿಗೆ ದಾರ ಏರಿಸಲು ಕೂಡ ಬಾರದವನು, ಹೆಂಡತಿಯನ್ನು ಜೊತೆಗೆ ಕೂಡಿಸಿಕೊಂಡು ಈ ವಿದ್ಯೆಗೆ ಕೈಹಾಕಬೇಕಾಯಿತು. ಮನೆಯಲ್ಲಿಯೇ ಆಭರಣ ಮಾಡಬೇಕೆಂಬ ಉತ್ಸಾಹ ಓದುಗರಲ್ಲಿ ಯಾರಿಗಾದರೂ ಇದ್ದರೆ, ನಾವು ಕಲಿತದ್ದೂ ಕೆಟ್ಟದ್ದೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಆಭರಣದ ಕೆಲಸವೆಲ್ಲ ಒಂದೇ ಅಲ್ಲ. ಲೋಹವನ್ನು ಕರಗಿಸುವುದು, ಬಿಳಿಗಾರ ಹಚ್ಚಿ ಊದುಗೊಳವೆಯಿಂದ ಬೆಸುಗೆ ಹಾಕುವುದು ಅಕ್ಕಸಾಲಿಗನ ವಿದ್ಯೆ. ಗುರುವಿಲ್ಲದೆ, ಅಡುಗೆಮನೆಯ ಒಲೆಯ ಮುಂದೆ ಅದನ್ನು ಪ್ರಾರಂಭಿಸಲಾಗದು. ಮಣಿ ಪೋಣಿಸುವುದಾದರೋ ಬೆಂಕಿಯಿಲ್ಲದ ಕೆಲಸ. ಅದಕ್ಕೆ ಬೇಕಾದ ಸಾಮಗ್ರಿಯೂ ಅಲ್ಪ: ಮಣಿಯ ತೂತಿನಲ್ಲಿ ಹಾಯುವಷ್ಟು ತೆಳುವಾದ ಸೂಜಿ, ಗಟ್ಟಿಯಾದ ರೇಷ್ಮೆಯ ಅಥವಾ ನೈಲಾನಿನ ದಾರ, ಚೂಪಾದ ಕತ್ತರಿ, ಒಂದು ಅಳತೆಪಟ್ಟಿ, ಅಂಚಿರುವ ತಟ್ಟೆ. ತಟ್ಟೆಯ ಮೇಲೆ ಒಂದು ದಪ್ಪ ಬಟ್ಟೆಯನ್ನು ಹಾಸಿಕೊಳ್ಳಬೇಕು. ಇಲ್ಲದಿದ್ದರೆ ಮಣಿಗಳು ಉರುಳಿ ಮಂಚದ ಅಡಿಯಲ್ಲಿ ಸೇರುತ್ತವೆ. ಮನೆಯಲ್ಲಿ ಹಸುಗೂಸುಗಳಿದ್ದರೆ ಈ ಎಚ್ಚರ ಇಮ್ಮಡಿಯಾಗಿರಬೇಕು, ಬಿದ್ದ ಮಣಿ ನೇರವಾಗಿ ಅವುಗಳ ಬಾಯಿಗೇ ಹೋಗುತ್ತದೆ.

ಎರಡನೆಯದು ಲೆಕ್ಕ. ಸರದ ಉದ್ದವನ್ನು ಮಣಿಯ ಅಡ್ಡಳತೆಯಿಂದ ಭಾಗಿಸಿದರೆ ಮಣಿಗಳ ಸಂಖ್ಯೆ ಬರುತ್ತದೆ. 45 ಸೆಂಟಿಮೀಟರಿನ ಸರಕ್ಕೆ 4 ಮಿಲಿಮೀಟರಿನ ಮಣಿಗಳಾದರೆ ಸುಮಾರು 112, 6 ಮಿಲಿಮೀಟರಿನವಾದರೆ 75, 8 ಮಿಲಿಮೀಟರಿನವಾದರೆ 56 ಬೇಕು. ಅಂಗಡಿಗೆ ಹೋಗುವ ಮುನ್ನ ಈ ಗಣಿತ ಮಾಡಿಕೊಂಡರೆ ಹಣವೂ ಉಳಿಯುತ್ತದೆ. ಮೊದಲ ಸರವನ್ನು ಅಗ್ಗದ ಗಾಜಿನ ಮಣಿಗಳಲ್ಲಿಯೇ ಮಾಡಬೇಕು. ಕೊಂಡಿ ಹಾಕುವುದಿದ್ದರೆ ಅದರ ಲೋಹವನ್ನೂ ವಿಚಾರಿಸಬೇಕು. ಅಗ್ಗದ ಕೊಂಡಿಗಳಲ್ಲಿರುವ ನಿಕ್ಕಲ್ ಅನೇಕರ ಚರ್ಮಕ್ಕೆ ಒಗ್ಗದೆ ತುರಿಕೆಯನ್ನು ಉಂಟುಮಾಡುತ್ತದೆ.

ಇನ್ನು ನಮ್ಮ ಸಮಸ್ಯೆ, ಗುಂಡುಗಳ ಸ್ಥಾನದಲ್ಲಿ ಏನನ್ನು ಇಡುವುದು? ಚಿನ್ನದ ನೀರು ಕೊಟ್ಟ ಮಣಿಗಳನ್ನು ನನ್ನ ಹೆಂಡತಿ ತಂದು ತೋರಿಸಿದಳು. ಹೊಳಪೇನೋ ಚೆನ್ನಾಗಿತ್ತು. ಅವ್ವ ಒಂದನ್ನು ಕೈಯಲ್ಲಿ ತೂಗಿ ನೋಡಿ ತಟ್ಟೆಗೆ ಹಾಕಿದಳು. "ಇಲ್ಲದ್ದನ್ನ ಐತಿ ಅಂತ ಯಾಕ ತೋರಿಸಬೇಕು? ಬರೇ ಹವಳಾನ ಪವಣಿಸ್ರಿ."

ಬರಿಯ ಹವಳಗಳನ್ನು ಒತ್ತೊತ್ತಾಗಿ ಪೋಣಿಸಿದರೆ ಸರ 32 ಸೆಂಟಿಮೀಟರಿಗೇ ಮುಗಿಯುತ್ತಿತ್ತು. ಮೇಲಾಗಿ ಹವಳ ಮೃದುವಾದ ವಸ್ತು, ಒಂದಕ್ಕೊಂದು ಉಜ್ಜಿದರೆ ಸವೆಯುತ್ತದೆ. ಆಗ ನಮಗೆ ಹೊಳೆದದ್ದು ಗಂಟು. ಬೆಲೆಬಾಳುವ ಮಣಿಗಳ ನಡುವೆ ಗಂಟು ಹಾಕುವುದು ಹಳೆಯ ಪದ್ಧತಿ. ದಾರ ಹರಿದರೂ ಒಂದೆರಡು ಮಣಿಗಳು ಮಾತ್ರ ಉದುರಿ, ಉಳಿದವು ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಗುಂಡಿದ್ದ 26 ಕಡೆಗಳಲ್ಲಿಯೂ ಸಾಲಾಗಿ ಮೂರು ಮೂರು ಗಂಟು ಹಾಕುವುದೆಂದು ತೀರ್ಮಾನಿಸಿದೆವು.

ಗಂಟನ್ನು ಮಣಿಗೆ ಅಂಟಿಕೊಂಡಂತೆ ಹಾಕುವುದರಲ್ಲಿಯೇ ಕೈಚಳಕವಿದೆ. ಮೊದಲು ಗಂಟನ್ನು ಸಡಿಲವಾಗಿ ಕಟ್ಟಿ, ಅದರ ಕುಣಿಕೆಯೊಳಗೆ ಇನ್ನೊಂದು ಸೂಜಿಯ ಮೊನೆಯನ್ನು ತೂರಿಸಬೇಕು. ಆ ಸೂಜಿಯಿಂದ ಕುಣಿಕೆಯನ್ನು ಮಣಿಯವರೆಗೆ ಸರಿಸಿಕೊಂಡು ಹೋಗಿ, ದಾರವನ್ನು ಎಳೆಯುತ್ತಲೇ ಸೂಜಿಯನ್ನು ಹೊರಕ್ಕೆ ತೆಗೆಯಬೇಕು. ಅವಸರಪಟ್ಟರೆ ಗಂಟು ನಡುದಾರಿಯಲ್ಲೇ ಬಿಗಿದುಕೊಳ್ಳುತ್ತದೆ. ಬಿಚ್ಚಲು ಅರ್ಧ ಗಂಟೆ ಹಿಡಿಯುತ್ತದೆ.

ನಮ್ಮ ದೊಡ್ಡ ತಪ್ಪು ದಾರದ ಅಳತೆಯಲ್ಲಾಯಿತು. ಸರದ ಉದ್ದದ ಎರಡರಷ್ಟು ಸಾಕೆಂದು ಭಾವಿಸಿ, ಜೋಡಿಯೆಳೆಯಾಗಿ 80 ಸೆಂಟಿಮೀಟರ್ ಇಟ್ಟುಕೊಂಡೆವು. ಹದಿನೆಂಟನೆಯ ಜೋಡಿ ಹವಳ ಏರುವ ಹೊತ್ತಿಗೆ ದಾರ ತೀರಿಹೋಯಿತು! ಎರಡು ಸಂಜೆಗಳ ಶ್ರಮವನ್ನು ಕತ್ತರಿಸಿ ತಟ್ಟೆಗೆ ಸುರಿಯಬೇಕಾಯಿತು. ಆಮೇಲೆ ಬುದ್ಧಿ ಬಂದು, ಬೇರೊಂದು ತುಂಡಿನಲ್ಲಿ ಹತ್ತು ಗಂಟುಗಳನ್ನು ಹಾಕಿ ಅಳೆದೆವು. 8 ಸೆಂಟಿಮೀಟರ್ ಕಡಿಮೆಯಾಗಿತ್ತು. ಹಾಗಾದರೆ 78 ಗಂಟುಗಳಿಗೆ 62 ಸೆಂಟಿಮೀಟರ್. ಅದಕ್ಕೆ ಸರದ 40, ಎರಡೂ ತುದಿಗಳಿಗೆ 15ರಂತೆ 30. ಒಟ್ಟು 132. ಎರಡೆಳೆಗೆ 264 ಸೆಂಟಿಮೀಟರ್ ದಾರ. ಈ ಪರೀಕ್ಷೆಯನ್ನು ಮೊದಲೇ ಮಾಡಿಕೊಳ್ಳಿರೆಂದು ನನ್ನ ವಿಜ್ಞಾಪನೆ. ದಾರದ ದಪ್ಪ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ನಾಲ್ಕನೆಯ ಸಂಜೆ ಸರ ಮುಗಿಯಿತು. ಕೊಂಡಿ ಹಾಕಲಿಲ್ಲ, ತುದಿಗಳಲ್ಲಿ ಪುಟ್ಟ ಗೊಂಡೆ ಕಟ್ಟಿ, ಹಿಗ್ಗಿಸಿ ಕುಗ್ಗಿಸಲು ಬರುವಂತೆ ಜಾರುಗಂಟು ಹಾಕಿದೆವು. ಗಂಟುಗಳೆಲ್ಲವೂ ಒಂದೇ ಸಮನಾಗಿಲ್ಲ. ಮೊದಲಿನ ಐದಾರು ಕಡೆ ಹವಳ ಸ್ವಲ್ಪ ಅಲುಗಾಡುತ್ತದೆ. ಅಲ್ಲಿಂದ ಮುಂದಕ್ಕೆ ಕೈ ಪಳಗಿದ್ದು ಕಣ್ಣಿಗೆ ಕಾಣುತ್ತದೆ. ಅವ್ವ ಅದನ್ನು ಕೊರಳಿಗೆ ಹಾಕಿಕೊಂಡು, ಬೆರಳುಗಳಿಂದ ಒಂದೊಂದೇ ಗಂಟನ್ನು ಮುಟ್ಟುತ್ತ ಹೋದಳು. ಇಪ್ಪತ್ತಾರೂ ಮುಗಿಯುವವರೆಗೆ ನಾವು ಮಾತನಾಡಲಿಲ್ಲ.

"ಮುಂದಿನ ವರ್ಷ ಗುಂಡು ಮಾಡಿಸಿಕೊಂಡು ಬರ್ತೀನವ್ವಾ" ಎಂದೆ.

"ಹಂಗಾದ್ರ ಇವನ್ನೆಲ್ಲಾ ಬಿಚ್ಚಬೇಕಾಗತೈತಿ. ಬ್ಯಾಡ, ಇರಲಿ."

ನನ್ನ ಋಣ ತೀರಲಿಲ್ಲವೆಂಬುದನ್ನು ನಾನು ಬಲ್ಲೆ. ತೀರಿಸಬೇಕೆಂಬ ಆತುರ ಅವಳಿಗಿಲ್ಲ, ನನಗಷ್ಟೇ ಇತ್ತು.

ಹವಳದ ಸರವುಳ್ಳವರು ನೆನಪಿಡಬೇಕಾದ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಹವಳ ಸುಣ್ಣದ ಜಾತಿಯ ವಸ್ತುವಾದುದರಿಂದ ನಿಂಬೆರಸ, ಹುಣಿಸೆ, ಸುಗಂಧದ್ರವ್ಯ ತಗಲಿದರೆ ಹೊಳಪು ಕೆಡುತ್ತದೆ. ಒದ್ದೆಯ ಮೆತ್ತನೆಯ ಬಟ್ಟೆಯಿಂದ ಒರೆಸಿ ಆರಿಸಿದರೆ ಸಾಕು. ಹೊಸದಾಗಿ ಕೊಳ್ಳುವವರು ಎಚ್ಚರವಾಗಿರಬೇಕು, ಬಣ್ಣ ಹಾಕಿದ ಸರಕು ಬಹಳವಿದೆ. ನಮ್ಮ ಕಡಲಿನ ಹವಳಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕಿತ್ತು ತರುವಂತಿಲ್ಲ. ವರ್ಷಕ್ಕೊಮ್ಮೆ ದಾರವನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದಿದ್ದರೆ ಹೊಸ ದಾರಕ್ಕೆ ಬದಲಾಯಿಸಿರಿ. ಟ್ರಂಕಿನ ತಳದಲ್ಲಿ ಗಂಟೇನಾದರೂ ಸಿಕ್ಕಿದರೆ, ಮಣಿಗಳನ್ನು ಎಣಿಸುವ ಮೊದಲು ಅದನ್ನು ಕಟ್ಟಿಟ್ಟವರನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ.