ಒಂದು ಪದಕಕ್ಕೆ 97 ವರ್ಷ

"ಶೌರ್ಯ ತೋರಿಸಿ, ಮಾನ ತಾನಾಗೇ ಬರ್ತದೆ" ಅಂತ ಭಾಷಣ ಬಿಗಿಯೋರನ್ನ ನಾವೆಲ್ಲ ಕೇಳಿದ್ದೇವೆ. ಅಂಥವರಿಗೆ ಅಮೆರಿಕದ ಕಪ್ಪು ಸಿಪಾಯಿ ಹೆನ್ರಿ ಜಾನ್ಸನ್‌ನ ಕತೆ ಹೇಳಬೇಕು.

ಜಾನ್ಸನ್ ಆಲ್ಬನಿ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಕೂಲಿ. 1917ರಲ್ಲಿ ಸೈನ್ಯ ಸೇರಿದ. ಅವನಿದ್ದ 369ನೇ ಕಾಲ್ದಳ ಕಪ್ಪು ಜನರದು. ಬಿಳಿಯರ ಪಕ್ಕ ನಿಲ್ಲಿಸಿ ಕಾದಿಸಲು ಅಮೆರಿಕದ ಸೈನ್ಯಕ್ಕೆ ಮನಸ್ಸಿಲ್ಲ. ಇಡೀ ದಳವನ್ನೇ ಫ್ರೆಂಚರ ಕೈಗೆ ಕೊಟ್ಟುಬಿಟ್ಟರು.

1918ರ ಮೇ ತಿಂಗಳ ಒಂದು ರಾತ್ರಿ. ಫ್ರಾನ್ಸಿನ ಆರ್ಗಾನ್ ಕಾಡಿನ ಬಳಿ ಜಾನ್ಸನ್ ಮತ್ತು ನೀಧಮ್ ರಾಬರ್ಟ್ಸ್ ಕಾವಲಿಗಿದ್ದರು. ಹನ್ನೆರಡಕ್ಕೆ ಕಡಿಮೆಯಿಲ್ಲದ ಜರ್ಮನ್ ಸೈನಿಕರು ಮೇಲೆ ಬಿದ್ದರು. ರಾಬರ್ಟ್ಸ್ ಗಾಯಗೊಂಡ. ಜಾನ್ಸನ್‌ನ ಬಂದೂಕು ಕಚ್ಚಿಕೊಂಡಿತು. ಅದರ ಹಿಡಿಯಿಂದಲೇ ಬಡಿದ, ಆಮೇಲೆ ಮಚ್ಚಿನಂಥ ಚೂರಿ ಹಿರಿದ. ಗೆಳೆಯನನ್ನು ಸೆರೆ ಒಯ್ಯಲು ಬಿಡಲಿಲ್ಲ. ಮೈಮೇಲೆ 21 ಗಾಯ.

ಫ್ರಾನ್ಸ್ ತನ್ನ ಶೌರ್ಯಪದಕ ಕೊಟ್ಟಿತು. ಸ್ವಂತ ದೇಶ? 1919ರಲ್ಲಿ ನ್ಯೂಯಾರ್ಕಿನಲ್ಲಿ ಮೆರವಣಿಗೆ ಮಾಡಿತು. ಅವನ ಹೆಸರು ಹೇಳಿ ಯುದ್ಧದ ಸ್ಟಾಂಪು ಮಾರಿತು. ಪದಕ ಮಾತ್ರ ಇಲ್ಲ! ಬಿಳಿ ಸೈನಿಕರು ಕಪ್ಪು ಸೈನಿಕರನ್ನು ಹೇಗೆ ಕಂಡರು ಅಂತ ಸೇಂಟ್ ಲೂಯಿಸಿನ ಸಭೆಯಲ್ಲಿ ಬಾಯಿಬಿಟ್ಟ; ಆಮೇಲೆ ಸಭೆಗಳಿಗೆ ಅವನನ್ನು ಕರೆಯೋರೇ ಇಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಬಿಳಿಯರ ಗುಂಪುಗಳು ಊರೂರಲ್ಲಿ ಕಪ್ಪು ಜನರನ್ನು ಕೊಂದವು. ಯುದ್ಧ ಮಾಡಿ ಬಂದವರನ್ನೂ ಬಿಡಲಿಲ್ಲ. 1929ರಲ್ಲಿ ಜಾನ್ಸನ್ ತೀರಿಕೊಂಡ.

ಆಲ್ಬನಿಯ ಜನ, ಹಳೇ ಸೈನಿಕರು ಸುಮ್ಮನೆ ಕೂರಲಿಲ್ಲ. ಕಾಗದಪತ್ರ ಹುಡುಕಿದರು, ಅರ್ಜಿ ಬರೆದರು, ಬೆನ್ನು ಹತ್ತಿದರು. 1996ರಲ್ಲಿ ಒಂದು ಪದಕ, 2002ರಲ್ಲಿ ಇನ್ನೊಂದು. 2015ರಲ್ಲಿ ಅಧ್ಯಕ್ಷ ಒಬಾಮಾ ಅತ್ಯುನ್ನತ ಪದಕ ಘೋಷಿಸಿ ಕೊಟ್ಟರು. ಆ ರಾತ್ರಿಯಿಂದ ಎಣಿಸಿದರೆ 97 ವರ್ಷ.

ಮುಗೀತಾ? ಇಲ್ಲ. ಲೂಸಿಯಾನಾದ ದೊಡ್ಡ ಸೈನಿಕ ನೆಲೆಗೆ ಗುಲಾಮರನ್ನು ಇಟ್ಟುಕೊಂಡಿದ್ದ ಸೇನಾಪತಿ ಪೋಕ್‌ನ ಹೆಸರಿತ್ತು. 2023ರಲ್ಲಿ ಅದನ್ನು ಕಿತ್ತು ಜಾನ್ಸನ್ ಹೆಸರಿಟ್ಟರು. 2025ರಲ್ಲಿ ಜಾನ್ಸನ್ ಹೆಸರೂ ಹೋಯ್ತು, ಮತ್ತೆ ಪೋಕ್ ಬಂದ. "ಇವನು ಬೇರೆ ಪೋಕ್" ಅನ್ನೋ ಸಮಜಾಯಿಷಿ ಬೇರೆ!

ಯೋಚಿಸಿ. ಚೂರಿ ಹಿಡಿದ ಕೈ ಜಾನ್ಸನ್‌ನದು, ಲೆಕ್ಕ ಬರೆಯೋ ಕೈ ಬೇರೆಯವರದು. ಅವನಿಗೆ ಸಲ್ಲಬೇಕಾದ್ದನ್ನು ಅಷ್ಟಾದರೂ ತಂದುಕೊಟ್ಟದ್ದು ಅರ್ಜಿ ಬರೆದವರ ಹಟ. ಬರೆದದ್ದನ್ನು ಅಳಿಸೋರು ಇನ್ನೂ ಇದ್ದಾರೆ. ಪೆನ್ನು ಹಿಡಿದ ಗೆಳೆಯರೇ, ಅದನ್ನ ಕೆಳಗಿಡಬೇಡಿ.