ಅಳತೆಗೆ ಕೊಟ್ಟ ಹಳೆಯ ರವಿಕೆ

ಹೊಸ ಬಟ್ಟೆ ಯಾರಿಗೆ ಎಂದು ಕೇಳಿದರೆ ಪುತ್ತೂರು, ಸುಳ್ಯ, ಕಡಬದ ಕಡೆಯ ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಮಕ್ಕಳಿಗೆ. ಶಾಲೆ ಸುರುವಾಗುವಾಗ ಯೂನಿಫಾರ್ಮು, ಹಬ್ಬಕ್ಕೊಂದು ಜತೆ, ಕಾಲೇಜು ಸೇರಿದ ಮೇಲೆ ಕೇಳಿದ್ದೆಲ್ಲ. ತಾಯಿಗೆ ನೆಂಟರ ಮದುವೆಗಳಲ್ಲಿ ಉಡುಗೊರೆಯಾಗಿ ಬಂದ ಸೀರೆಯೇ ಸೀರೆ. ತಂದೆಗೆ ಯಾರದೋ ಗೃಹಪ್ರವೇಶಕ್ಕೆಂದು ಹೊಲಿಸಿದ ಅಂಗಿ ಇನ್ನೂ ಹರಿದಿಲ್ಲ, ಮತ್ತೇಕೆ ಹೊಸದು? ಹೀಗೆ ನಲವತ್ತೈದು ದಾಟುವಷ್ಟರಲ್ಲಿ ಹೆತ್ತವರ ಕಪಾಟಿನಲ್ಲಿ ಎರಡೇ ಬಗೆಯ ಬಟ್ಟೆ ಉಳಿದಿರುತ್ತದೆ. ಒಂದು ಮದುವೆಯದು, ಇನ್ನೊಂದು ಹಟ್ಟಿ ತೋಟದ್ದು. ನಡುವೆ ಏನೂ ಇಲ್ಲ.

ತೊಂದರೆ ಬರುವುದು ಆ ನಡುವಿನ ಜಾಗದಲ್ಲಿಯೇ. ಶಾಲೆಯ ಹೆತ್ತವರ ಸಭೆ, ಪಿಯುಸಿಗೆ ಸೇರಿಸುವ ದಿನ, ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಮಾತುಕತೆ, ಮಗಳ ಹಾಸ್ಟೆಲ್ ನೋಡಿ ಬರುವುದು. ಇವಕ್ಕೆ ಜರಿಯ ಸೀರೆ ಹೆಚ್ಚಾಯಿತು, ಮನೆಯ ಸೀರೆ ಕಡಿಮೆಯಾಯಿತು. ನೈಟಿಯ ಮೇಲೊಂದು ಬೈರಾಸು ಹಾಕಿಕೊಂಡು ಬೆಳಗ್ಗಿನಿಂದ ಸಂಜೆವರೆಗೆ ದುಡಿಯುವ ತಾಯಿ ಇಂತಹ ದಿನ ಕಪಾಟಿನ ಮುಂದೆ ಐದು ನಿಮಿಷ ನಿಂತು, ಕೊನೆಗೆ ಗಂಡನಿಗೆ ಹೇಳುತ್ತಾಳೆ, "ನೀವೇ ಹೋಗಿ ಬನ್ನಿ, ನನಗೆ ಕೆಲಸ ಉಂಟು." ಮಗನಿಗೆ ಒಳಗೊಳಗೆ ಸಮಾಧಾನ. ತಾಯಿ ಬಂದರೆ ಸಹಪಾಠಿಗಳ ಎದುರು ನಾಚಿಕೆಯಾದೀತೆಂಬ ಅಳುಕು ಅವನಿಗೆ ಮೊದಲೇ ಇತ್ತು. ತಾಯಿಗೂ ಅದು ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಮಗನ ಗಣಿತದ ಅಂಕ ಏಕೆ ಇಳಿಯಿತೆಂದು ಟೀಚರರನ್ನು ಸರಿಯಾಗಿ ವಿಚಾರಿಸಬಲ್ಲವಳು ಮನೆಯಲ್ಲಿ ಅವಳೊಬ್ಬಳೇ. ಅವಳು ಹೋಗದೆ ಉಳಿದಳು. ಒಂದು ಸೀರೆಯ ವಿಷಯ ಇಷ್ಟು ದೂರ ಹೋಗುತ್ತದೆಯೇ ಎನ್ನಬೇಡಿ. ಹೋಗುತ್ತದೆ.

ನಾಚುವ ಮಕ್ಕಳಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಹದಿನಾರರ ಪ್ರಾಯದಲ್ಲಿ ನಾಚಿಕೆ ಎಂಬುದು ಉಪದೇಶದಿಂದ ಹೋಗುವಂಥದ್ದಲ್ಲ. ಅದಕ್ಕಿಂತ, ನಡುವಯಸ್ಸಿನ ಒಬ್ಬರು ಕಳಾಹೀನರಾಗಿ ಕಾಣುವುದು ಏತಕ್ಕೆ ಎಂದು ವಿಚಾರಿಸಿ ನೋಡಿದರೆ ಪ್ರಯೋಜನ ಹೆಚ್ಚು. ಪ್ರಾಯವಾದ್ದರಿಂದಲ್ಲ. ಬಟ್ಟೆ ಅಗ್ಗದ್ದಾದ್ದರಿಂದಲೂ ಅಲ್ಲ. ನೂರಕ್ಕೆ ಎಂಬತ್ತು ಪಾಲು ಕಾರಣ ಅಳತೆ ಎಂದರೆ ಬಟ್ಟೆ ಅಂಗಡಿಯವರು ಒಪ್ಪಲಿಕ್ಕಿಲ್ಲ, ದರ್ಜಿಗಳು ಒಪ್ಪುತ್ತಾರೆ.

ನಮ್ಮಲ್ಲಿ ರವಿಕೆ ಹೊಲಿಸುವ ಕ್ರಮ ನೋಡಿ. ಬಟ್ಟೆಯ ತುಂಡಿನ ಜತೆಗೆ ಒಂದು ಹಳೆಯ ರವಿಕೆಯನ್ನು ಪೊಟ್ಟಣ ಕಟ್ಟಿ ಮಗಳ ಕೈಯಲ್ಲಿ ಕಳುಹಿಸುವುದು. "ಅಳತೆಗೆ ಇದು ಕೊಟ್ಟಿದ್ದಾರೆ" ಎಂದರೆ ಮುಗಿಯಿತು. ಆ ಹಳೆಯ ರವಿಕೆಯೂ ಅದಕ್ಕಿಂತ ಹಳೆಯದರ ಅಳತೆಯದು. ಹೀಗೆ ಹಿಂದೆ ಹಿಂದೆ ಹೋದರೆ ಮೂವತ್ತರ ಪ್ರಾಯದಲ್ಲಿ ಟೇಪು ಹಿಡಿದು ತೆಗೆದ ಅಳತೆಗೆ ಮುಟ್ಟುತ್ತೇವೆ. ಪ್ರತಿಯ ಪ್ರತಿ ತೆಗೆದ ಜೆರಾಕ್ಸಿನ ಹಾಗೆ, ಪ್ರತಿ ಸಲವೂ ಒಂದಿಷ್ಟು ತಪ್ಪು ಸೇರುತ್ತದೆ. ಈ ನಡುವೆ ಮೈ ಸುಮ್ಮನೆ ಕುಳಿತಿರುವುದಿಲ್ಲ. ನಲವತ್ತರ ನಂತರ ಸ್ನಾಯು ಮೆಲ್ಲಗೆ ಕಡಿಮೆಯಾಗುತ್ತದೆ, ಕೊಬ್ಬು ಹೊಟ್ಟೆ ಸೊಂಟದ ಕಡೆ ಸೇರುತ್ತದೆ, ಹೆಗಲು ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಬೆನ್ನು ಅಗಲವಾದಂತೆ ರವಿಕೆ ಕಂಕುಳಲ್ಲಿ ಬಿಗಿದು ಹೆಗಲಲ್ಲಿ ಜಾರುತ್ತದೆ. ಆಗ ಎಷ್ಟೇ ಬೆಲೆಯ ಸೀರೆ ಉಟ್ಟರೂ ಅದು ಯಾರಿಂದಲೋ ಕೇಳಿ ತಂದದ್ದರಂತೆ ಕಾಣುತ್ತದೆ. ಅದೇ ಸಾಧಾರಣ ಹತ್ತಿ ಸೀರೆಗೆ ಸರಿಯಾಗಿ ಕುಳಿತ ರವಿಕೆ ಇದ್ದರೆ ನೋಟವೇ ಬೇರೆ. ವರ್ಷಕ್ಕೊಮ್ಮೆ ತಾವೇ ಹೋಗಿ ಟೇಪಿನಲ್ಲಿ ಅಳತೆ ಕೊಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಕುರ್ತಾ, ಚೂಡಿದಾರ ಹಾಕುವವರಿಗೂ ಇದೇ ಮಾತು. ಸಿದ್ಧ ಉಡುಪು ಕೊಂಡರೆ ಹೆಗಲಿಗೆ ಸರಿಯಾದದ್ದನ್ನು ಆರಿಸಿ ಸೊಂಟವನ್ನು ದರ್ಜಿಯಲ್ಲಿ ಹಿಡಿಸಬೇಕು ಅಥವಾ ಬಿಡಿಸಬೇಕು. ಸೊಂಟಕ್ಕೆ ನೋಡಿ ಕೊಂಡರೆ ಹೆಗಲನ್ನು ಸರಿಮಾಡುವುದು ಕಷ್ಟ.

ಗಂಡಸರದ್ದು ಇನ್ನೊಂದು ಕಥೆ. ಹೊಟ್ಟೆ ಬಂದ ಮೇಲೂ ಪ್ಯಾಂಟಿನ ಅಳತೆ ಮೊದಲಿನದೇ ಎಂದು ಸಾಧಿಸುವುದಕ್ಕಾಗಿ ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕಾಲಿನ ಅಂಚು ನೆಲ ಗುಡಿಸುತ್ತದೆ. ಹೊಟ್ಟೆ ಮುಚ್ಚಲೆಂದು ಎರಡು ಸೈಜು ದೊಡ್ಡ ಅಂಗಿ; ಅದರ ಹೆಗಲ ಹೊಲಿಗೆ ತೋಳಿನ ಅರ್ಧಕ್ಕೆ ಬಂದಿರುತ್ತದೆ. ಕಿಸೆಯಲ್ಲಿ ಕನ್ನಡಕ, ಪೆನ್ನು, ಮೊಬೈಲು, ಅಡಿಕೆ ಮಾರಿದ ಚೀಟಿ. ಇಂಥವರೇ ಅಪ್ಪಟ ಬಿಳಿ ಪಂಚೆ, ಅಳತೆಗೆ ಹೊಲಿಸಿದ ಬಿಳಿ ಅಂಗಿಯಲ್ಲಿ ಬಂದಾಗ ಸಭೆಯಲ್ಲಿ ನಾಲ್ಕು ಜನ ಎದ್ದು ಜಾಗ ಕೊಡುತ್ತಾರೆ. ಪ್ಯಾಂಟು ಹಾಕಿದರೆ ಮಾತ್ರ ಮಾನ ಎಂದು ಮಕ್ಕಳು ಒತ್ತಾಯಿಸುವುದುಂಟು. ಅದು ತಪ್ಪು ತಿಳುವಳಿಕೆ.

ಬಣ್ಣದ ವಿಷಯಕ್ಕೆ ಬರೋಣ. ನಡುವಯಸ್ಸಿನವರು ಬಟ್ಟೆ ಆರಿಸುವಾಗ ಕೇಳುವ ಮೊದಲ ಪ್ರಶ್ನೆ, "ಕೊಳೆ ಕಾಣುತ್ತದೆಯೇ?" ಎಂದು. ಈ ತರ್ಕಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಇತಿಹಾಸವಿದೆ. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಬಂದ ಜಾನ್ ಹಾಲರ್ ಎಂಬವರು ಅಲ್ಲಿ ಖಾಕಿ ಬಣ್ಣದ ಬಟ್ಟೆಯನ್ನು ತಯಾರಿಸಿದರೆಂದು ಪ್ರಸಿದ್ಧಿ. ಪಂಜಾಬಿನ ಕಡೆಯ ಒಂದು ಸೈನ್ಯದಳ 1840ರ ದಶಕದಲ್ಲಿಯೇ ಖಾಕಿ ತೊಟ್ಟಿತ್ತು ಎನ್ನುವವರೂ ಇದ್ದಾರೆ, ಆ ಜಗಳ ಇರಲಿ. 'ಖಾಕ್' ಎಂದರೆ ಧೂಳು. ಧೂಳಿನ ಬಣ್ಣದ ಬಟ್ಟೆಯ ಮೇಲೆ ಧೂಳು ಕಾಣುವುದಿಲ್ಲ. ತೋಟಕ್ಕೆ, ಮದ್ದು ಬಿಡುವ ದಿನಕ್ಕೆ ಅದು ಸರಿ. ಆದರೆ ಕೊಳೆ ಕಾಣದ ಬಣ್ಣದ ಬಟ್ಟೆ ತೊಟ್ಟ ಮನುಷ್ಯನೂ ಕಾಣದೇ ಹೋಗುತ್ತಾನೆ! ಗಾಢ ನೀಲಿ, ಕೆಂಗಂದು, ಎಲೆಹಸಿರು ಇವೆಲ್ಲ ಪ್ರಾಯದವರಿಗೆ ಮಾತ್ರ ಎಂದು ಯಾರು ಹೇಳಿದರು? ತಲೆ ನರೆತ ಮೇಲೆ ಇಂತಹ ಬಣ್ಣಗಳು ಮುಖದ ಹತ್ತಿರ ಇನ್ನೂ ಚೆನ್ನಾಗಿ ಒಪ್ಪುತ್ತವೆ.

ಸೀರೆಗೆ ರವಿಕೆಯ ಬಣ್ಣ ಹೊಂದಿಸುವಾಗ ಒಂದು ಎಚ್ಚರ ಬೇಕು. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಎರಡು ಬಟ್ಟೆಗಳು ಬಿಸಿಲಿಗೆ ಬಂದಾಗ ಬೇರೆ ಬೇರೆಯಾಗಿ ಕಾಣುವುದುಂಟು. ಬಟ್ಟೆಯ ಬಣ್ಣವೆಂದರೆ ಅದು ಹೀರದೆ ಹಿಂದಕ್ಕೆ ಕಳುಹಿಸಿದ ಬೆಳಕು. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಸಾಕಷ್ಟು ಇವೆ. ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಕೆಲವು ಬಣ್ಣ ಹೆಚ್ಚು, ಕೆಲವು ಕಡಿಮೆ. ಬೇರೆ ಬೇರೆ ಬಣ್ಣದ ಪುಡಿ ಹಾಕಿದ ಎರಡು ಬಟ್ಟೆ ಒಂದು ದೀಪದಡಿ ನಮ್ಮ ಕಣ್ಣನ್ನು ಮೋಸಗೊಳಿಸಬಹುದು, ಇನ್ನೊಂದರಡಿ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಸೀರೆಯನ್ನೂ ರವಿಕೆ ತುಂಡನ್ನೂ ಅಂಗಡಿಯ ಜಗಲಿಗೆ ತಂದು ನೋಡಬೇಕು.

ದಪ್ಪಗಿರುವವರು ಅಡ್ಡಗೀಟಿನ ಬಟ್ಟೆ ಹಾಕಬಾರದು ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಒಂದೇ ಅಳತೆಯ ಎರಡು ಚೌಕಗಳನ್ನು ಹೊರಗೆರೆ ಎಳೆಯದೆ ಬರೀ ಗೀಟುಗಳಿಂದ ತುಂಬಿಸಿ, ಒಂದರಲ್ಲಿ ಅಡ್ಡಗೀಟು, ಇನ್ನೊಂದರಲ್ಲಿ ಉದ್ದಗೀಟು. ದೂರದಿಂದ ನೋಡಿ. ಅಡ್ಡಗೀಟಿನ ಚೌಕ ಎತ್ತರವಾಗಿಯೂ ಉದ್ದಗೀಟಿನದು ಅಗಲವಾಗಿಯೂ ಕಾಣುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲಿಯೇ ಇದನ್ನು ಬರೆದಿದ್ದಾರೆ. ಚಪ್ಪಟೆ ಕಾಗದಕ್ಕೂ ಉರುಟು ಮೈಗೂ ವ್ಯತ್ಯಾಸವಿದೆ, ಹೌದು. ಆದರೂ ಕಣ್ಣಾರೆ ಪರೀಕ್ಷಿಸದ ನಿಯಮಕ್ಕೆ ಹೆದರಿ ಅಮ್ಮನ ಇಷ್ಟದ ಸೀರೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕಾಗಿಲ್ಲ.

ನಮ್ಮ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಉಳಿದ ದಿನ ಬೆವರು. ಇಲ್ಲಿ ಬಟ್ಟೆಯ ನೂಲು ಯಾವುದೆಂಬುದು ಮುಖ್ಯ. ನೂರು ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲಿ ಸುಮಾರು ಎಂಟೂವರೆ ಗ್ರಾಂ ತೇವ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಮಿಗಿಂತಲೂ ಕಡಿಮೆ. ಉಡುಗೊರೆಯಾಗಿ ಬರುವ ಥಳಥಳಿಸುವ ಸೀರೆಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು. ನಲವತ್ತೈದು ಐವತ್ತರ ನಡುವೆ, ಮುಟ್ಟು ನಿಲ್ಲುವ ಕಾಲದಲ್ಲಿ, ಅನೇಕ ತಾಯಂದಿರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ. ಅಂತಹ ಸೀರೆ ಉಟ್ಟು ಸಭಾಭವನದಲ್ಲಿ ಎರಡು ಗಂಟೆ ಕುಳಿತವರ ಮುಖ ಕಳೆಗುಂದದೆ ಏನು ಮಾಡೀತು? ಸೀರೆ ಯಾವುದರದ್ದೆಂದು ತಿಳಿಯದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ದೊಡ್ಡವರ ಎದುರಿನಲ್ಲಿ, ಇಕ್ಕುಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ.

ಹತ್ತಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಉಡುಪಿ ಸೀರೆಯನ್ನು ನೇಯುವವರು ಕಿನ್ನಿಗೋಳಿಯ ಬಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿದ್ದಾರೆ. ಹಗುರವಾದ ಮೈ, ಎದ್ದು ಕಾಣುವ ಅಂಚು. ಶಾಲೆಯ ಸಭೆಗೂ ಆದೀತು, ಸಣ್ಣ ಪೂಜೆಗೂ ಆದೀತು. ಹತ್ತಿಯನ್ನು ದೂರುವವರು "ಮುದುಡುತ್ತದೆ" ಎನ್ನುತ್ತಾರೆ. ಮುದುಡುವುದು ನಿಜ. ತೇವ, ಬಿಸಿ ಸೇರಿದಾಗ ಹತ್ತಿಯ ಅಣುಸರಪಳಿಗಳ ನಡುವಿನ ಹಿಡಿತ ಸಡಿಲಾಗುತ್ತದೆ, ಒಣಗಿದಾಗ ಇದ್ದ ಭಂಗಿಯಲ್ಲಿಯೇ ಗಟ್ಟಿಯಾಗುತ್ತದೆ. ಆದ್ದರಿಂದಲೇ ನೀರು ಚಿಮುಕಿಸಿ ಇಸ್ತ್ರಿ ಹಾಕುವುದು, ಗಂಜಿ ಹಾಕುವುದು. ಮಳೆಗಾಲಕ್ಕೆ ಮೊದಲು ಮಾತ್ರ ಗಂಜಿ ಹೋಗುವಂತೆ ಒಗೆದು ಇಡಬೇಕು. ಬೂಷ್ಟಿಗೆ ಆ ಪಿಷ್ಟವೇ ಊಟ.

ತೋಟವಿರುವ ಮನೆಯಲ್ಲಿ ಕರೆಯ ಕಾಟ ತಪ್ಪಿದ್ದಲ್ಲ. ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ತುಕ್ಕು ಹಿಡಿದ ಬಕೆಟಿನಲ್ಲಿ ನೆನೆಸಿದರೆ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದು ಇದೇ ರೀತಿಯಲ್ಲಿ. ಪ್ಲಾಸ್ಟಿಕ್ ಬಕೆಟಿನಲ್ಲಿ ತಣ್ಣೀರಿಗೆ ಕೂಡಲೇ ಹಾಕಿದರೆ ಅರ್ಧ ಕೆಲಸ ಆಯಿತು. ಇಲ್ಲಿ ಮಕ್ಕಳ ಸಹಾಯ ಬೇಕು. ನಲವತ್ತರ ನಂತರ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಕಾಲರಿನ ಕೊಳೆ, ಉದುರಿದ ಗುಂಡಿ, ರವಿಕೆಯ ಬಿಚ್ಚಿದ ಹೊಲಿಗೆ ಅಮ್ಮ ಅಪ್ಪನಿಗೆ ಕಾಣುವುದಿಲ್ಲ. ಅದು ಅಲಕ್ಷ್ಯವಲ್ಲ. ನಾಚಿ ಮುಖ ತಿರುಗಿಸುವ ಮಗಳು ಹಿಂದಿನ ರಾತ್ರಿಯೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ ಸೂಜಿಗೆ ದಾರ ಪೋಣಿಸಿಕೊಟ್ಟರೆ ಬೆಳಗ್ಗೆ ನಾಚುವ ಪ್ರಸಂಗವೇ ಇಲ್ಲ.

ತಲೆಗೆ ಬಣ್ಣ ಹಚ್ಚುವುದು ಅವರವರ ಇಷ್ಟ. ಕೆಲವರಿಗೆ ಅದರ ರಾಸಾಯನಿಕದಿಂದ ತುರಿಕೆ, ಬಾವು ಬರುತ್ತದೆ. ಮೊದಲು ಕೈಯ ಮೇಲೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕು. ಬುಡದಲ್ಲಿ ಬಿಳಿ, ತುದಿಯಲ್ಲಿ ಕೆಂಪಾದ ತಲೆಗಿಂತ ಓರಣವಾಗಿ ಬಾಚಿದ ನರೆಗೂದಲು ಮೇಲು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತದ್ದು 1952ರಲ್ಲಿ, ಐವತ್ತು ತುಂಬುವ ಹೊತ್ತಿಗೆ. ನೇಕಾರರನ್ನೂ ಕುಶಲಕರ್ಮಿಗಳನ್ನೂ ಹುಡುಕಿಕೊಂಡು ದೇಶ ಸುತ್ತಿದ ಅವರ ಆಮೇಲಿನ ಚಿತ್ರಗಳನ್ನು ಮಕ್ಕಳು ಹುಡುಕಿ ನೋಡಬೇಕು. ಕೈಮಗ್ಗದ ಸೀರೆ, ಕುಶಲಕರ್ಮಿಗಳು ಮಾಡಿದ ಆಭರಣ. ಪ್ರಾಯ ಮುಚ್ಚಿಡುವ ಪ್ರಯತ್ನ ಎಲ್ಲಿಯೂ ಇಲ್ಲ. ಅದಕ್ಕೆ ಠೀವಿ ಎನ್ನುತ್ತಾರೆ.

ಹಣದ ಪ್ರಶ್ನೆ ಉಳಿಯಿತು. ಹೆಚ್ಚಿನ ಮನೆಗಳಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ಕಡಿಮೆ. ತಾಯಿಗೆ ಎರಡು ಹತ್ತಿ ಸೀರೆ ಅಥವಾ ಎರಡು ಕುರ್ತಾ, ತಂದೆಗೆ ಅಳತೆಗೆ ಹೊಲಿಸಿದ ಎರಡು ಅಂಗಿ. ಮಗನಿಗೆ ಕಾಲೇಜಿಗೆಂದು ಕೊಳ್ಳುವ ನಾಲ್ಕರಲ್ಲಿ ಒಂದು ಜತೆ ಬಿಟ್ಟರೆ ಅದರ ಒಂದು ಪಾಲು ಹುಟ್ಟುತ್ತದೆ. ಇದನ್ನು ತಾಯಿ ಎಂದೂ ಕೇಳುವುದಿಲ್ಲ, ಮಗನೇ ಹೇಳಬೇಕು. ಹೊಲಿಸುವುದಕ್ಕೆ ಆಟಿ ತಿಂಗಳು ಒಳ್ಳೆಯದು. ಮದುವೆಗಳಿಲ್ಲ, ಯೂನಿಫಾರ್ಮಿನ ಗಡಿಬಿಡಿಯೂ ಮುಗಿದಿರುತ್ತದೆ. ಟೇಪು ಹಿಡಿದು ಹೊಸ ಅಳತೆ ತೆಗೆಯುವುದಕ್ಕೂ, ಒಮ್ಮೆ ತೊಡಿಸಿ ನೋಡಿ ಸರಿಮಾಡಿ ಕೊಡುವುದಕ್ಕೂ ದರ್ಜಿಗೆ ಆಗ ಪುರುಸೊತ್ತು ಇರುತ್ತದೆ.