ಮಾಳಿಗೆಯ ಮೇಲಿನ ಸಂಗೀತ

ಪ್ಯಾರಿಸ್ಸಿನ ಸೇಂತ್ ಕ್ಲೊತಿಲ್ದ್ ಚರ್ಚಿಗೆ ಭಾನುವಾರ ಬರುತ್ತಿದ್ದವರು ಸಂಗೀತ ಕೇಳಲೆಂದು ಬರುತ್ತಿರಲಿಲ್ಲ, ಬಲಿಪೂಜೆಗೆ ಬರುತ್ತಿದ್ದರು. ಮೇಲೆ ಮಾಳಿಗೆಯಲ್ಲಿ ಕೂತು ಆರ್ಗನ್ ನುಡಿಸುತ್ತಿದ್ದವರ ಮುಖ ಅವರಲ್ಲಿ ಎಷ್ಟೋ ಜನರಿಗೆ ಗೊತ್ತೂ ಇದ್ದಿರಲಾರದು. ಅವರು ಸೆಸಾರ್ ಫ್ರಾಂಕ್. ಬೆಲ್ಜಿಯಂನ ಲಿಯೇಜ್‌ನಲ್ಲಿ 1822ರಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಬಂದವರು. 1858ರಲ್ಲಿ ಈ ಚರ್ಚಿನ ಗಾಯನವೃಂದದ ಹೊಣೆ ಹೊತ್ತರು. ಮರುವರ್ಷದ ಡಿಸೆಂಬರಿನಲ್ಲಿ ಹೊಸ ಆರ್ಗನ್ ಉದ್ಘಾಟನೆಯಾದಾಗ ಅದನ್ನು ನುಡಿಸಿದವರಲ್ಲಿ ಅವರೂ ಒಬ್ಬರು. 1890ರಲ್ಲಿ ತೀರಿಕೊಳ್ಳುವವರೆಗೂ ಆ ಪೀಠ ಬಿಡಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಚರ್ಚು, ಒಂದೇ ವಾದ್ಯ.

ಕಛೇರಿಯ ಕಲಾವಿದನಿಗೂ ಚರ್ಚಿನ ವಾದಕನಿಗೂ ಇರುವ ದೊಡ್ಡ ವ್ಯತ್ಯಾಸ ಕಾಲದ್ದು. ಎಷ್ಟು ಹೊತ್ತು ನುಡಿಸಬೇಕೆಂಬುದು ಚರ್ಚಿನ ವಾದಕನ ಕೈಯಲ್ಲಿಲ್ಲ. ಕಾಣಿಕೆ ಅರ್ಪಣೆ ನಡೆಯುವಷ್ಟು ಹೊತ್ತು, ಜನ ಪರಮಪ್ರಸಾದ ಸ್ವೀಕರಿಸಿ ಮರಳುವಷ್ಟು ಹೊತ್ತು, ಗುರುಗಳು ಮುಂದಿನ ಪ್ರಾರ್ಥನೆಗೆ ಅಣಿಯಾಗುವಷ್ಟು ಹೊತ್ತು. ಒಮ್ಮೊಮ್ಮೆ ಅದು ಅರ್ಧ ನಿಮಿಷ, ಒಮ್ಮೊಮ್ಮೆ ಹತ್ತು ನಿಮಿಷ. ಬಲಿಪೀಠದ ಕಡೆ ಕೆಲಸ ಮುಗಿಯಿತೆಂದರೆ ಎಲ್ಲೋ ವಿಹರಿಸುತ್ತಿರುವ ರಾಗವನ್ನು ನಾಲ್ಕು ಆವರ್ತದಲ್ಲಿ ದಡ ಮುಟ್ಟಿಸಬೇಕು. ತಡವಾದರೆ ಕಾಯುತ್ತಿರುವ ಸುಳಿವು ಕೊಡದೆ ಬೆಳೆಸುತ್ತ ಹೋಗಬೇಕು. ಬರೆದಿಟ್ಟ ಕೃತಿ ಇಲ್ಲಿ ಒದಗುವುದು ಸ್ವಲ್ಪ ಮಾತ್ರ. ಉಳಿದದ್ದೆಲ್ಲ ಮನೋಧರ್ಮ.

ಈ ಕಟ್ಟುಪಾಡನ್ನು ಕೊರತೆಯೆಂದು ಭಾವಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ನೊಬ್ಬರ ಪ್ರಾರ್ಥನೆ ಎಷ್ಟು ಉದ್ದವೋ ಅಷ್ಟೇ ಉದ್ದದ ಸಂಗೀತ ಕಟ್ಟುವವನಿಗೆ ದೊಡ್ಡ ಕಲೆ ಬೇಕು, ಅದಕ್ಕಿಂತ ದೊಡ್ಡ ಮನಸ್ಸು ಬೇಕು. ಫ್ರಾಂಕ್ ಅವರಲ್ಲಿ ಎರಡೂ ಇದ್ದವು.

ಆ ವಾದ್ಯವನ್ನು ಕಟ್ಟಿದವರು ಅರಿಸ್ತೀದ್ ಕವಾಯೆ-ಕೊಲ್. ಕೈಗೆ ಮೂರು ಸಾಲು ಮನೆಗಳು, ಕಾಲಿಗೆ ಮರದ ಪಟ್ಟಿಗಳ ಇನ್ನೊಂದು ಸಾಲು, 46 ಬಗೆಯ ಧ್ವನಿಗಳು. ಒಂದೊಂದು ಧ್ವನಿಗೂ ಅದರದೇ ಕೊಳವೆಗಳು. ಕೆಲವು ಮನುಷ್ಯನಿಗಿಂತ ಎತ್ತರ, ಕೆಲವು ಪೆನ್ಸಿಲ್ಲಿನಷ್ಟು ಸಣ್ಣವು. ಒಂದು ಸಾಲಿನ ಕೊಳವೆಗಳನ್ನು ಬಾಗಿಲುಪಟ್ಟಿಗಳಿರುವ ಪೆಟ್ಟಿಗೆಯೊಳಗೆ ಇಟ್ಟಿದ್ದರು. ವಾದಕ ಕಾಲಿನಿಂದ ಆ ಪಟ್ಟಿಗಳನ್ನು ತೆರೆದರೆ ಧ್ವನಿ ಹತ್ತಿರ ಬರುತ್ತದೆ, ಮುಚ್ಚಿದರೆ ದೂರ ಸರಿಯುತ್ತದೆ. ವಿದ್ಯುತ್ತಿಲ್ಲದ ಕಾಲವಾದ್ದರಿಂದ ಇಷ್ಟಕ್ಕೂ ಬೇಕಾದ ಗಾಳಿಯನ್ನು ಆಳುಗಳು ತಿದಿ ತುಳಿದು ಒದಗಿಸಬೇಕಿತ್ತು. ಅವರ ಹೆಸರನ್ನು ಯಾರೂ ಬರೆದಿಟ್ಟಂತಿಲ್ಲ. ಇಂಥ ವಾದ್ಯಕ್ಕೆ ತಮ್ಮ ಪಾದಗಳ ತಯಾರಿ ಸಾಲದೆನಿಸಿ ಫ್ರಾಂಕ್ ಮನೆಗೇ ಕಾಲುಮನೆಗಳ ಸಾಲೊಂದನ್ನು ತರಿಸಿಕೊಂಡು ಅಭ್ಯಾಸಕ್ಕೆ ಕೂತರು. ಆಗಲೇ ಅವರಿಗೆ ಮೂವತ್ತೈದು ದಾಟಿತ್ತು.

ಅವರ ದಿನಚರಿ ಓದಿದರೆ ಗೌರವ ಹೆಚ್ಚುತ್ತದೆ. ಬೆಳಗ್ಗೆ ಐದೂವರೆಗೆ ಏಳುವುದು, ಎರಡು ಗಂಟೆ ಸ್ವಂತ ರಚನೆ, ಆಮೇಲೆ ಊರೆಲ್ಲ ಸುತ್ತಿ ಮನೆಮನೆಗೆ ಹೋಗಿ ಪಾಠ. ಹೊಟ್ಟೆಪಾಡು ನಡೆದದ್ದು ಆ ಪಾಠಗಳಿಂದ. ಭಾನುವಾರ ಮತ್ತು ಹಬ್ಬಗಳಲ್ಲಿ ಮಾಳಿಗೆಯ ಮೆಟ್ಟಿಲು. 1872ರಲ್ಲಿ ಪ್ಯಾರಿಸ್ಸಿನ ಸಂಗೀತ ಶಾಲೆಯಲ್ಲಿ ಆರ್ಗನ್ ಪ್ರಾಧ್ಯಾಪಕರಾದ ಮೇಲೂ ಇದು ತಪ್ಪಲಿಲ್ಲ. ಶಿಷ್ಯರು ಆ ಮೆಟ್ಟಿಲು ಹತ್ತಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. 1866ರಲ್ಲಿ ಹೆಸರಾಂತ ಪಿಯಾನೊ ವಾದಕ ಫ್ರಾಂಟ್ಸ್ ಲಿಸ್ಟ್ ಕೂಡ ಹಾಗೆ ಬಂದು ಕೇಳಿದರು. ಫ್ರಾಂಕ್ ಅವರನ್ನು ಆರ್ಗನ್ ಸಂಗೀತದ ಮಹಾಗುರು ಬಾಖ್ ಪಕ್ಕದಲ್ಲಿಟ್ಟು ಮಾತಾಡುತ್ತ ಅವರು ಹೊರನಡೆದರೆಂದು ಶಿಷ್ಯ ವ್ಯಾಂಸಾ ದ್ಯಾಂದಿ ದಾಖಲಿಸಿದ್ದಾರೆ. ಲಿಸ್ಟ್ ಹೋದ ಮುಂದಿನ ಭಾನುವಾರವೂ ಫ್ರಾಂಕ್ ಎಂದಿನಂತೆ ಪೂಜೆಗೆ ನುಡಿಸಿರಬೇಕು.

ಗಾಯನವೃಂದದ ಹೊಣೆ ಕೆಲವು ವರ್ಷಗಳ ನಂತರ ತೆಯೊದೋರ್ ದ್ಯುಬ್ವಾ ಅವರಿಗೆ ಹೋಯಿತು. ಅವರು ಬರೆದ, ಕ್ರಿಸ್ತನ ಏಳು ಕೊನೆಯ ಮಾತುಗಳ ಕೃತಿ 1867ರ ಶುಭ ಶುಕ್ರವಾರ ಇಲ್ಲೇ ಮೊದಲ ಬಾರಿ ಕೇಳಿಸಿತು. ಫ್ರಾಂಕ್ ತಮ್ಮ ಮೂರು ಧ್ವನಿಗಳ ಬಲಿಪೂಜೆಗೆ 1872ರಲ್ಲಿ ಸೇರಿಸಿದ ‘ಪಾನಿಸ್ ಆಂಜೆಲಿಕುಸ್’ ಇಂದು ಲೋಕದ ಎಷ್ಟೋ ಚರ್ಚುಗಳ ಮದುವೆಗಳಲ್ಲಿ ಕೇಳಿಬರುತ್ತದೆ. ಟೆನರ್ ಗಾಯಕ, ಆರ್ಗನ್, ಹಾರ್ಪ್, ಚೆಲ್ಲೊ, ಡಬಲ್ ಬಾಸ್: ಹೆಚ್ಚುಕಡಿಮೆ ಒಂದು ಧರ್ಮಕೇಂದ್ರಕ್ಕೆ ಒದಗಬಹುದಾದಷ್ಟೇ ಸಲಕರಣೆ. ಕೈಗೆ ಸಿಕ್ಕ ಗಾಯಕರಿಗೆ ಹೊಂದುವಂತೆ ಬರೆಯುವುದು ವೃಂದ ನಡೆಸಿದವರಿಗೆ ಮಾತ್ರ ಬರುವ ವಿದ್ಯೆ. ಭಾನುವಾರ ಯಾರ ಗಂಟಲು ಕಟ್ಟಿರುತ್ತದೆ, ಯಾರು ಶ್ರುತಿಯಿಂದ ಇಳಿಯುತ್ತಾರೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಕನ್ನಡಿಗರಿಗೆ ಫ್ರಾಂಕ್ ಹತ್ತಿರವಾಗಲು ಇನ್ನೊಂದು ದಾರಿಯುಂಟು. ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು ಹಾರ್ಮೋನಿಯಂಗಾಗಿ. ದೊಡ್ಡ ಆರ್ಗನ್ ಕೊಳ್ಳಲಾಗದ ಹಳ್ಳಿ ಚರ್ಚುಗಳ ವಾದಕರಿಗೆ ಒದಗುವ ಪುಟ್ಟ ತುಣುಕುಗಳು, ಕೆಲವು ಒಂದು ನಿಮಿಷವೂ ಇಲ್ಲ. ‘ಲೋರ್ಗನಿಸ್ತ್’ ಎಂಬ ಈ ಸಂಗ್ರಹದ ಯೋಜನೆ ಪೂರ್ತಿಯಾಗುವ ಮೊದಲೇ, 59 ತುಣುಕು ಮುಗಿದಿದ್ದಾಗ ಅವರು ತೀರಿಕೊಂಡರು. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ 1842ರಲ್ಲಿ ಹಕ್ಕುಪತ್ರ ಪಡೆದ ಅದೇ ವಾದ್ಯ ಹಡಗು ಹತ್ತಿ ಭಾರತಕ್ಕೆ ಬಂತು, ಕೊಲ್ಕತ್ತದ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ರೂಪ ಪಡೆಯಿತು, ನಮ್ಮ ಭಜನೆಗೂ ಕೀರ್ತನೆಗೂ ಪೇಟಿಯಾಯಿತು. ವೃತ್ತಿ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಅಂತೂ ಫ್ರಾಂಕ್ ಕಂಡ ವಾದ್ಯಕ್ಕೆ ಇನ್ನೂ ಹತ್ತಿರದ್ದು. ಯಾರಾದರೂ ಧಾರವಾಡದ ಪೇಟಿವಾದಕರು ಆ 59ರಲ್ಲಿ ನಾಲ್ಕಾರನ್ನು ನುಡಿಸಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅವುಗಳಲ್ಲಿ ಹಳೆಯ ಕ್ರಿಸ್ಮಸ್ ಹಾಡುಗಳ ಮಟ್ಟುಗಳೂ ಇವೆ.

ಸೇಂತ್ ಕ್ಲೊತಿಲ್ದ್‌ನ ಆರ್ಗನ್ ಈಗ ಫ್ರಾಂಕ್ ನುಡಿಸಿದಂತೆ ಉಳಿದಿಲ್ಲ. 1933ರಲ್ಲಿ ಅದನ್ನು ಹಿಗ್ಗಿಸಿದರು, 1962ರಲ್ಲಿ ವಿದ್ಯುತ್ ವ್ಯವಸ್ಥೆ ಅಳವಡಿಸಿದರು. ಅವರು ಭಾನುವಾರಗಳಂದು ಆಶುವಾಗಿ ನುಡಿಸಿದ್ದರಲ್ಲಿ ಒಂದು ಮಟ್ಟೂ ಉಳಿಯಲಿಲ್ಲ. ಕಾಗದಕ್ಕೆ ಇಳಿದದ್ದು ‘ಆರು ಕೃತಿಗಳು’, ಕೊನೆಯ ವರ್ಷದ ‘ಮೂರು ಕೊರಾಲ್’ ಮೊದಲಾದ, ಬೆರಳೆಣಿಕೆಯ ದೊಡ್ಡ ಆರ್ಗನ್ ರಚನೆಗಳು. ಶಿಷ್ಯರ ಮಾತನ್ನು ನಂಬುವುದಾದರೆ ಕಳೆದುಹೋದದ್ದು ಉಳಿದದ್ದಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಅದು ನಷ್ಟವೆಂದು ನಾನು ಕೊರಗುವುದಿಲ್ಲ. ಅದನ್ನು ಕಟ್ಟಿದ್ದು ಆ ಹೊತ್ತಿನ ಆ ಜನರಿಗಾಗಿ. ಅವರಿಗೆ ಅದು ತಲುಪಿತ್ತು.

ಅವರ ಶಿಷ್ಯ ಶಾರ್ಲ್ ತೂರ್ನ್‌ಮೀರ್ ಪಾಲಿಗೆ ಮಾತ್ರ ಕಾಲ ಬೇರೆಯಾಗಿತ್ತು. 1898ರಿಂದ ಅದೇ ಪೀಠದಲ್ಲಿ ಕೂತ ಅವರು 1930ರ ಸುಮಾರಿಗೆ ಅಲ್ಲೇ ಆಶುವಾಗಿ ನುಡಿಸಿದ ಐದು ವಾದನಗಳು ಗ್ರಾಮಫೋನ್ ತಟ್ಟೆಗಳಿಗೆ ಇಳಿದವು. ಮೊರೀಸ್ ದ್ಯುರುಫ್ಲೆ ಎಂಬ ಇನ್ನೊಬ್ಬ ಚರ್ಚ್ ವಾದಕ ಆ ತಟ್ಟೆಗಳನ್ನು ಕೇಳಿ ಕೇಳಿ ಸ್ವರ ಸ್ವರವನ್ನೂ ಬರೆದುಕೊಂಡರು. 1958ರಲ್ಲಿ ಅದು ಪುಸ್ತಕವಾಯಿತು. ಒಮ್ಮೆ ಹೊಳೆದು ಹೋಗಬೇಕಿದ್ದ ಆ ಸಂಗೀತವನ್ನು ಈಗ ಬೇರೆ ಬೇರೆ ದೇಶಗಳ ಆರ್ಗನ್ ವಿದ್ಯಾರ್ಥಿಗಳು ಪುಟ ತೆರೆದಿಟ್ಟುಕೊಂಡು, ಒಂದೊಂದು ಬೆರಳನ್ನೂ ಗುರುತಿಸಿಕೊಂಡು ಕಲಿಯುತ್ತಿದ್ದಾರೆ.